ಆಸ್ಪತ್ರೆಗೆ ಲಾಯಕ್ಕಾದ ಕುರ್ಚಿ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ, ಜರ್ಮನಿಯ ಬೌಹೌಸ್ ಕಲಾಶಾಲೆಯ ಪೀಠೋಪಕರಣಗಳ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ ಕುರ್ಚಿಗಳು ಆಸ್ಪತ್ರೆಗೆ ಲಾಯಕ್ಕೇ ಹೊರತು ಮನೆಗಲ್ಲ, ಅವನ್ನು ರೂಪಿಸಿದವರು ಕೂರುವವರ ಬೆನ್ನಿನ ಬಗ್ಗೆ ಯೋಚಿಸಿದವರೇ ಅಲ್ಲ, ಸಾಲದ್ದಕ್ಕೆ ಅವು ಬಡವರ ಹೆಸರಿನಲ್ಲಿ ಹುಟ್ಟಿ ಸಿರಿವಂತರ ಮನೆ ಸೇರಿದವು ಎಂಬುದು ತಮ್ಮ ಆಕ್ಷೇಪ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಬೌಹೌಸ್‌ನ ವಿನ್ಯಾಸಕಾರ ಮಾರ್ಸೆಲ್ ಬ್ರಾಯರ್ ಅವರಿಗೆ 1925ರಲ್ಲಿ ಡೆಸ್ಸೌ ಊರಿನಲ್ಲಿ ಉಕ್ಕಿನ ಕೊಳವೆಯ ಈ ಕುರ್ಚಿ ಹೊಳೆದದ್ದು ತಾವೇ ಓಡಿಸುತ್ತಿದ್ದ ಸೈಕಲ್ಲಿನ ಹ್ಯಾಂಡಲನ್ನು ನೋಡಿ. ಆದರೆ ಅದರಲ್ಲಿ ಬೆನ್ನಿಗೂ ತೊಡೆಗೂ ಮುಂಗೈಗೂ ತಾಗುವುದು ಬಿಗಿದ ಬಟ್ಟೆಯ ಪಟ್ಟಿಗಳು, ಉಕ್ಕಲ್ಲ. ನಮ್ಮ ಲೇಖನ ಇದನ್ನು ಹೇಳಬೇಕಿತ್ತು. ಹೇಳದೆ, ಕೊಳವೆ ಥಳಥಳಿಸುವ ಚಿತ್ರವನ್ನಷ್ಟೇ ಅಚ್ಚು ಹಾಕಿದ್ದು ನಮ್ಮದೇ ತಪ್ಪು.

ಉಕ್ಕಿನ ಮೇಲೆ ತಮಗಿರುವ ಅಸಮಾಧಾನವಾದರೂ ಹೊಸದಲ್ಲ. ಬ್ರಾಯರ್ ಅವರ ಕುರ್ಚಿಗಳನ್ನು ಸ್ವತಃ ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ, 1935ರಲ್ಲಿ ಸ್ಟಾಕ್‌ಹೋಮಿನ ಒಂದು ಉಪನ್ಯಾಸದಲ್ಲಿ ಅದನ್ನೇ ಎತ್ತಿದ್ದರು: ಉಕ್ಕು ಮೈಯ ಶಾಖವನ್ನು ಬೇಗ ಹೀರುತ್ತದೆ, ಬೆಳಕಿಗೆ ಕಣ್ಣು ಕುಕ್ಕುತ್ತದೆ, ಕೋಣೆಯ ಸದ್ದನ್ನು ಹೆಚ್ಚಿಸುತ್ತದೆ. ಅಷ್ಟರೊಳಗೆ ಅವರು ಪಾಯ್ಮಿಯೊ ಎಂಬಲ್ಲಿ ಪೈನ್ ಮರಗಳ ನಡುವೆ, 1933ರಲ್ಲಿ, ಕ್ಷಯರೋಗಿಗಳ ಸ್ಯಾನಿಟೋರಿಯಂ ಒಂದನ್ನು ಕಟ್ಟಿ ಮುಗಿಸಿದ್ದರು. ಕ್ಷಯಕ್ಕೆ ಆಗ ಔಷಧಿಯಿರಲಿಲ್ಲ. ಬಿಸಿಲು, ಗಾಳಿ, ವಿಶ್ರಾಂತಿಗಳೇ ಚಿಕಿತ್ಸೆ. ಹಗಲೆಲ್ಲ ಅಂಗಾತ ಮಲಗಿರುವವರ ಕಣ್ಣಿಗೆ ಕಾಣುವುದು ಛಾವಣಿಯೇ ಆದ್ದರಿಂದ ಆಲ್ಟೊ ಅದಕ್ಕೆ ಕಡು ಹಸಿರು ಬಣ್ಣ ಬಳಿಸಿದರು. ಪ್ರತಿ ಕೋಣೆಯಲ್ಲಿ ಇಬ್ಬರು ರೋಗಿಗಳು. ಒಬ್ಬರು ಕೈ ತೊಳೆದರೆ ಇನ್ನೊಬ್ಬರ ನಿದ್ದೆ ಕೆಡಬಾರದೆಂದು, ನಲ್ಲಿಯ ನೀರು ಸದ್ದಿಲ್ಲದೆ ಜಾರಿ ಇಳಿಯುವಂತೆ ವಾಶ್‌ಬೇಸಿನ್ನಿನ ಓರೆಯನ್ನು ಲೆಕ್ಕ ಹಾಕಿದರು. ವೈದ್ಯರ ಕೋಟಿನ ತೋಳು ಸಿಕ್ಕಿಕೊಳ್ಳದಿರಲೆಂದು ಬಾಗಿಲಿನ ಹಿಡಿಕೆಯನ್ನೂ ಬಾಗಿಸಿದರು.

ಅಲ್ಲಿಗೆಂದು ಮಾಡಿದ ಕುರ್ಚಿಯಲ್ಲಿ ಕೂರುವ ಭಾಗವೂ ಒರಗುವ ಭಾಗವೂ ಬರ್ಚ್ ಮರದ ತೆಳು ಪ್ಲೈವುಡ್ಡಿನ ಒಂದೇ ಹಾಳೆ. ತಲೆಯ ಕಡೆಯೂ ಮಂಡಿಯ ಕಡೆಯೂ ಸುರುಳಿ ಸುತ್ತಿಕೊಂಡಿರುವ ಆ ಹಾಳೆಯನ್ನು ಅಕ್ಕಪಕ್ಕದ ಎರಡು ಮರದ ಬಳೆಗಳು ಹಿಡಿದಿವೆ. ಸುರುಳಿಯಿಂದಾಗಿ ಅದು ಕೂತವರ ಭಾರಕ್ಕೆ ತುಸು ಬಾಗುತ್ತದೆ. ರೋಗಿಗೆ ಉಸಿರಾಟ ಹಗುರವಾಗಲೆಂದೇ ಒರಗುವ ಕೋನವನ್ನು ನಿಗದಿ ಮಾಡಲಾಗಿತ್ತು. ಮೆತ್ತೆಯಿಲ್ಲದ್ದರಿಂದ ಧೂಳು ಕೂರಲು ಎಡೆಯಿಲ್ಲ, ಒರೆಸಿದರೆ ಆಯಿತು. ಇದನ್ನು ರೂಪಿಸಿದವರು ಬೆನ್ನನ್ನು ಮರೆತಿದ್ದರೆಂದು ಹೇಳುವುದು ಹೇಗೆ?

ಬೆಲೆಯ ವಿಷಯದಲ್ಲಿ ತಮ್ಮ ದೂರು ನ್ಯಾಯವಾದದ್ದೇ. ಅಗ್ಗದ ಕುರ್ಚಿಯೇನೋ ಉಕ್ಕಿನ ಕುರ್ಚಿಗಳಿಗೆ ಎಷ್ಟೋ ಮೊದಲು, 1859ರಿಂದಲೇ ಇತ್ತು: ಹಬೆಯಲ್ಲಿ ಬಗ್ಗಿಸಿದ ಆರು ತುಂಡು ಬೀಚ್ ಮರ, ಹತ್ತು ಸ್ಕ್ರೂ, ಎರಡು ನಟ್ಟು ಸೇರಿದರೆ ಥೋನೆಟ್ ಕಂಪನಿಯ 14ನೆಯ ನಂಬರಿನ ಕುರ್ಚಿ ಸಿದ್ಧ. ಹೊಸತನದ ದೊಡ್ಡ ವಕ್ತಾರರಾಗಿದ್ದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಸಹ 1925ರ ಪ್ಯಾರಿಸ್ ಪ್ರದರ್ಶನದ ತಮ್ಮ ಮಂಟಪದಲ್ಲಿ ಕೂರಲು ಇಟ್ಟದ್ದು ಅದೇ ಥೋನೆಟ್‌ನ ಬಾಗುಮರದ ಕುರ್ಚಿಗಳನ್ನು.

— ಸಂ.