ಮಾತ್ರೆ ಬೇಡ, ಸರಿ. ಭಾರ ಎತ್ತುತ್ತೀರಾ?

ಓದುಗರ ಪತ್ರ:

"ನನಗೆ 63. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಹೋದ ತಿಂಗಳು ಡೆಕ್ಸಾ (ಮೂಳೆ ಸಾಂದ್ರತೆಯ ಸ್ಕ್ಯಾನ್) ಮಾಡಿಸಿದಾಗ ಬೆನ್ನುಮೂಳೆ ಮೈನಸ್ 2.8, ಸೊಂಟ ಮೈನಸ್ 2.1 ಬಂತು. ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ತೆಳುವಾಗಿದೆ ಅಂತ ಹೇಳಿ ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅದರಿಂದ ದವಡೆ ಮೂಳೆ ಕೊಳೆಯುತ್ತೆ ಅಂತ ಎದುರು ಮನೆಯವರು ವಿಡಿಯೋ ತೋರಿಸಿದರು. ಮಾತ್ರೆ ಕಪಾಟಿನಲ್ಲಿ ಹಾಗೇ ಇದೆ. ರಾಗಿ ಗಂಜಿ, ಎಳ್ಳು, ನೆನೆಸಿದ ಬಾದಾಮಿ, ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಶುರು ಮಾಡಿದ್ದೇನೆ. ಥೈರಾಯ್ಡ್ ಮಾತ್ರೆ 12 ವರ್ಷದಿಂದ ಇದೆ. ಮರೆಯಬಾರದು ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತೇನೆ. ಇದುವರೆಗೆ ಮೂಳೆ ಮುರಿದಿಲ್ಲ. ಆದರೆ ನಮ್ಮಮ್ಮ 78ಕ್ಕೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮಾತ್ರೆ ಇಲ್ಲದೆ ಮೂಳೆ ಗಟ್ಟಿ ಮಾಡಿಕೊಳ್ಳಬಹುದಾ? ಮಗಳಿಗೆ 34, ಅವಳೂ ಈ ಟೆಸ್ಟ್ ಮಾಡಿಸಬೇಕಾ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಇದೇ ಪ್ರಶ್ನೆಯನ್ನು ಮಾಟುಂಗಾದಿಂದ ವಸಾಯಿವರೆಗೆ ಎಷ್ಟೋ ಹೆಂಗಸರು ಕೇಳುತ್ತಿರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಓದಿ, ತಿಳಿದವರನ್ನು ಕೇಳಿ ಬರೆಯುವವನು. ಕೊನೆಯ ಮಾತು ನಿಮ್ಮನ್ನು ಪರೀಕ್ಷೆ ಮಾಡಿದವರದ್ದೇ.

ಮೊದಲು ನೇರ ಉತ್ತರ. ಆಗುತ್ತೆ, ಆದರೆ ಸ್ವಲ್ಪ. ಆ ಸ್ವಲ್ಪವೂ ಬರುವುದು ಗಂಜಿ, ಬಾದಾಮಿಯಿಂದ ಅಲ್ಲ. ಭಾರ ಎತ್ತುವುದರಿಂದ.

ಮೂಳೆ ಅಂದರೆ ಒಮ್ಮೆ ಕಟ್ಟಿ ಬಿಟ್ಟ ಕಂಬ ಅಂತ ನಾವು ತಿಳಿದಿರುತ್ತೇವೆ. ಹಾಗಿಲ್ಲ. ಮುಂಬಯಿಯ ಹಳೇ ಬಿಲ್ಡಿಂಗುಗಳ ಹಾಗೆ ಅದಕ್ಕೂ ಸದಾ ರೀಡೆವಲಪ್‌ಮೆಂಟ್ ನಡೀತಾ ಇರುತ್ತೆ. ಒಂದು ಬಗೆಯ ಜೀವಕೋಶ ಹಳೆಯ ಮೂಳೆಯನ್ನು ಕೆಡವುತ್ತೆ, ಇನ್ನೊಂದು ಹೊಸದು ಕಟ್ಟುತ್ತೆ. ಸುಮಾರು 30 ವಯಸ್ಸಿನವರೆಗೆ ಕಟ್ಟುವವರ ಕೈ ಮೇಲು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತೆ, ಕೆಡವುವವರಿಗೆ ಲಗಾಮು ತಪ್ಪುತ್ತೆ. ಆ ಮೊದಲ ಕೆಲವು ವರ್ಷಗಳಲ್ಲೇ ನಷ್ಟ ಜಾಸ್ತಿ. ನಿಮಗೆ ಬರೆದುಕೊಟ್ಟಿರುವಂಥ ಮಾತ್ರೆ ಮಾಡುವುದು ಕೆಡವುವವರನ್ನು ತಡೆಯುವ ಕೆಲಸ. ಭಾರ ಎತ್ತಿದಾಗ ಆಗುವುದೇ ಬೇರೆ. ಇಲ್ಲಿ ಒತ್ತಡ ಬೀಳ್ತಾ ಇದೆ, ಗಟ್ಟಿ ಮಾಡಿ ಅಂತ ಕಟ್ಟುವವರಿಗೆ ಸುದ್ದಿ ಹೋಗುತ್ತೆ. ಗಗನಯಾತ್ರಿಗಳು ತೂಕವೇ ಇಲ್ಲದ ಜಾಗದಲ್ಲಿ ಇರುತ್ತಾರಲ್ಲ, ಅವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತೆ. ಎಷ್ಟು ಚೆನ್ನಾಗಿ ತಿಂದರೂ ಅಷ್ಟೇ.

ಹಾಗಾದರೆ ವಾಕಿಂಗ್? ಬಿಡಬೇಡಿ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಎಲ್ಲಕ್ಕೂ ಒಳ್ಳೆಯದು. ಆದರೆ ಬೆನ್ನುಮೂಳೆಯ ಸಾಂದ್ರತೆ ಏರಿಸುವಷ್ಟು ಜೋರು ಅದಕ್ಕಿಲ್ಲ. ಆ ಮೂಳೆಗೆ ನಡಿಗೆಯ ಭಾರ ಅಭ್ಯಾಸವಾಗಿ ಹೋಗಿದೆ. ಈಜು, ಸೈಕಲ್ಲೂ ಅಷ್ಟೇ, ಮೂಳೆಯ ಮಟ್ಟಿಗೆ ಹೆಚ್ಚೇನೂ ಕೊಡುವುದಿಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತುವುದು ಇವಕ್ಕಿಂತ ವಾಸಿ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೂಳೆ ತೆಳುವಾಗಿದ್ದ, ಮುಟ್ಟು ನಿಂತ 101 ಹೆಂಗಸರು. ಸರಾಸರಿ ವಯಸ್ಸು 65, ಅಂದರೆ ನಿಮ್ಮ ಓರಗೆಯವರೇ. ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ನಿಜವಾಗಿ ಭಾರವಾದ ಕಬ್ಬಿಣ ಎತ್ತಿಸಿದರು. ನೆಲದಿಂದ ಎತ್ತುವುದು, ಹೆಗಲ ಮೇಲೆ ಹೊತ್ತು ಕೂತೇಳುವುದು, ತಲೆಯ ಮೇಲೆ ತಳ್ಳುವುದು, ಜೊತೆಗೆ ಜಿಗಿದು ಇಳಿಯುವುದು. ಉಳಿದವರಿಗೆ ಮನೆಯಲ್ಲಿ ಮಾಡುವ ಹಗುರ ವ್ಯಾಯಾಮ. ಎಂಟು ತಿಂಗಳಾದ ಮೇಲೆ ನೋಡಿದರೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 2.9 ಏರಿತ್ತು. ಹಗುರ ವ್ಯಾಯಾಮದವರದ್ದು 1.2 ಇಳಿದಿತ್ತು. ಸೊಂಟದಲ್ಲಿ ಏರಿಕೆ ನಾಮಕಾವಾಸ್ತೆ, ಆದರೆ ಇಳಿಯುವುದು ನಿಂತಿತ್ತು.

ನಿಮ್ಮ ರಿಪೋರ್ಟಿನ ಮೈನಸ್ ಅಂಕವೇ ಟಿ-ಸ್ಕೋರ್, ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಕೊಡುವುದು. 2.9 ಅಂದರೆ ಟಿ-ಸ್ಕೋರ್‌ನಲ್ಲಿ ಹೆಚ್ಚುಕಡಿಮೆ ಕಾಲು ಅಂಕ. ಎಲ್ಲ ಸರಿಯಾಗಿ ನಡೆದರೆ ನಿಮ್ಮ ಮೈನಸ್ 2.8 ಮೈನಸ್ 2.5ರ ಹತ್ತಿರ ಬರಬಹುದು. "ಆರೇ ತಿಂಗಳಲ್ಲಿ ಮೂಳೆ ಮೊದಲಿನಂತೆ" ಅನ್ನುವ ವಿಡಿಯೋಗಳನ್ನು ನೋಡುವಾಗ ಈ ಕಾಲು ಅಂಕ ನೆನಪಿರಲಿ.

ಆದರೆ ಇದನ್ನು ಓದಿ ನಾಳೆಯೇ ಅಕ್ಕಿ ಮೂಟೆ ಎತ್ತಲು ಹೋಗಬೇಡಿ ಮತ್ತೆ! ಆ ಹೆಂಗಸರಿಗೆ ಪ್ರತಿಸಲವೂ ಪಕ್ಕದಲ್ಲಿ ತರಬೇತಿದಾರರು ಇದ್ದರು. ಮೊದಲ ತಿಂಗಳು ಹಗುರ ಭಾರದಲ್ಲಿ ಬರೀ ಭಂಗಿ ಕಲಿಸಿದರು. ನೀವೂ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಡೆಕ್ಸಾ ರಿಪೋರ್ಟ್ ಹಿಡಿದುಕೊಂಡೇ ಹೋಗಿ. ಶುರುವಿನಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಆಮೇಲೆ ಡಂಬೆಲ್. ಭಾರ ಸಾಕಾಗಿದೆಯಾ ಅಂತ ತಿಳಿಯಲು ಸುಲಭದ ಗುರುತು ಇದೆ. ಕೊನೆಯ ಎರಡು ಸಲ ಎತ್ತುವಾಗ "ಇನ್ನಾಗಲ್ಲಪ್ಪ" ಅನ್ನಿಸಬೇಕು. ಮಾತಾಡಿಕೊಂಡು ಇಪ್ಪತ್ತು ಸಲ ಎತ್ತುವಂತಿದ್ದರೆ ಅದು ಮೂಳೆಯವರೆಗೆ ಹೋಗುವುದಿಲ್ಲ. ಜಿಗಿತ ಮಾತ್ರ ಅವರು ಹೇಳುವವರೆಗೆ ಬೇಡ. ಜಿಮ್‌ಗೆ ಹೋದರೆ ನಾಲ್ಕು ಜನ ಏನಂತಾರೆ ಅನ್ನುವ ಸಂಕೋಚ ನಿಮಗಿರಬಹುದು. ಅವರ ಪಾಡಿಗೆ ಅವರು ಕನ್ನಡಿ ನೋಡಿಕೊಳ್ಳುತ್ತಿರುತ್ತಾರೆ, ಬಿಡಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಬೆನ್ನುಮೂಳೆ ತೆಳುವಾದವರು ಬೆನ್ನು ದುಂಡಗೆ ಮಾಡಿ ಮುಂದಕ್ಕೆ ಬಾಗಬಾರದು. ಪಶ್ಚಿಮೋತ್ತಾನಾಸನ, ಹಲಾಸನ, ಮಲಗಿ ತಲೆ ಎತ್ತುವ ಹೊಟ್ಟೆಯ ವ್ಯಾಯಾಮ ಇವೆಲ್ಲ ಬಿಡಿ. ಮೂಳೆ ತೆಳುವಾದ ಹೆಂಗಸರ ಮೇಲೆ 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವಿದೆ. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಬಹುಪಾಲು ಜನರಿಗೆ ಬೆನ್ನುಮೂಳೆಯಲ್ಲಿ ಹೊಸ ಕುಸಿತ ಕಂಡಿತ್ತು. ಬೆನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಅದು ತುಂಬಾ ಕಡಿಮೆ. ಯೋಗ ಕ್ಲಾಸಿನ ಟೀಚರ್‌ಗೆ ಮೊದಲೇ ಹೇಳಿಬಿಡಿ. ಮನೆಯಲ್ಲೂ ಹಾಗೇ. ಬೆಳಿಗ್ಗೆ ನೀರು ಬಂದಾಗ ತುಂಬಿದ ಬಕೆಟ್ ಎತ್ತುತ್ತೀರಲ್ಲ, ಸೊಂಟದಿಂದ ಬಗ್ಗಿ ತೋಳುದ್ದ ದೂರದಿಂದ ಎಳೆಯಬೇಡಿ. ಬಕೆಟ್ ಎರಡು ಪಾದಗಳ ನಡುವೆ ಇರಲಿ. ಮಂಡಿ ಮಡಿಸಿ, ಹಿಂಭಾಗ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗಿಟ್ಟು, ಮೈಗೆ ಒತ್ತಿಕೊಂಡು ಎತ್ತಿ. ಅರ್ಧ ಬಕೆಟ್ ಸಾಕು. ಗಿಡ್ಡ ಪೊರಕೆ ಬದಲು ಉದ್ದ ಹಿಡಿಯದ್ದು ತನ್ನಿ.

ಇನ್ನು ಊಟ. ನೀವು ಹೇಳಿದ್ದನ್ನೇ ಲೆಕ್ಕ ಹಾಕೋಣ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಕೇಳಲು ಚೆನ್ನಾಗಿದೆ. ಆದರೆ ಗಂಜಿಗೆ ಹಾಕುವ ಹಿಟ್ಟು ಎಷ್ಟು? ಎರಡು ಚಮಚ, 20 ಗ್ರಾಂ. ಸಿಕ್ಕಿದ್ದು ಸುಮಾರು 70. ಆರು ಬಾದಾಮಿಗೆ ಸುಮಾರು 20. ಒಂದು ಚಮಚ ಎಳ್ಳಿಗೆ 100ರ ಆಸುಪಾಸು, ಅದರಲ್ಲೂ ಸಿಪ್ಪೆಯ ಅಂಶಗಳಿಂದಾಗಿ ಪೂರ್ತಿ ಮೈಗೆ ಹತ್ತುವುದಿಲ್ಲ. ಎಲ್ಲ ಸೇರಿದರೂ 200 ಮುಟ್ಟಲಿಲ್ಲ, ಅಲ್ವಾ? ಗಂಜಿಯ ಬದಲು ಮುದ್ದೆ ಅಥವಾ ಎರಡು ದಪ್ಪ ರೊಟ್ಟಿ ತಿಂದರೆ ಬೇರೆ ಮಾತು. ಮೊಳಕೆ ಬರಿಸಿದ ರಾಗಿಯಾದರೆ ಇನ್ನೂ ಒಳ್ಳೆಯದು. ಎರಡು ಲೋಟ ಹಾಲು ಅಥವಾ ಮೊಸರು ಸೇರಿದರೆ ಸುಮಾರು 480 ಬಂತು. ಮಾಟುಂಗಾ ಕಡೆ ಬಂದಾಗ ನುಗ್ಗೆಸೊಪ್ಪು ಒಯ್ಯಿರಿ. ಪಾಲಕ್ ಮೇಲೆ ಭರವಸೆ ಬೇಡ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ. ಮೀನು ತಿನ್ನುವ ಮನೆಯಾದರೆ ಮುಳ್ಳು ಸಮೇತ ಅಗಿಯುವ ಮಂದೇಲಿ ಬಹಳ ಒಳ್ಳೆಯದು. ಇಷ್ಟಾದ ಮೇಲೆ ಕಮ್ಮಿ ಬಿದ್ದದ್ದಕ್ಕೆ ಮಾತ್ರ ಕ್ಯಾಲ್ಸಿಯಂ ಮಾತ್ರೆ.

ನಮ್ಮವರ ಊಟದಲ್ಲಿ ನಿಜವಾದ ಕೊರತೆ ಪ್ರೋಟೀನು. ಮೂಳೆಗೂ ಅದು ಬೇಕು, ಭಾರ ಎತ್ತುವ ಸ್ನಾಯುವಿಗೂ ಬೇಕು. ನಿಮ್ಮ ವಯಸ್ಸಿಗೆ ಮೈತೂಕದ ಕಿಲೋಗೆ 1 ಗ್ರಾಂನಿಂದ 1.2 ಗ್ರಾಂ ಇರಲಿ. ತಿಳಿಸಾರು, ಅನ್ನದಲ್ಲಿ ಅದು ಬರುವುದಿಲ್ಲ. ಬೇಳೆ, ಕಾಳು, ಮೊಸರು, ಪನೀರ್, ಮೊಟ್ಟೆ ಯಾವುದಾದರೂ ಪ್ರತಿ ಊಟದಲ್ಲೂ ಕಣ್ಣಿಗೆ ಕಾಣಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕೇಳಿ ತಿನ್ನಿ. ಮಂಗರವಳ್ಳಿ ಚಟ್ನಿಯ ಬಗ್ಗೆಯೂ ಕೆಲವರು ಕೇಳುತ್ತಿರುತ್ತಾರೆ. ರುಚಿಗೆ ತಿನ್ನಿ. ಮೂಳೆ ಮುರಿಯದಂತೆ ತಡೆಯುತ್ತೆ ಅನ್ನಲು ಬೇಕಾದಷ್ಟು ಆಧಾರ ಇಲ್ಲ.

ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಒಳಗೆ ಹೋಗುವುದಿಲ್ಲ. ಎಳೆ ಬಿಸಿಲಿನಲ್ಲಿ ಅದು ಹೆಚ್ಚು ಸಿಗುವುದಿಲ್ಲ, 11ರಿಂದ 2ರ ಬಿಸಿಲೇ ಬೇಕು. ಗಾಜಿನ ಕಿಟಕಿಯ ಒಳಗೆ ಕೂತರೆ ಅದೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಸೂರ್ಯನೇ ಅಪರೂಪ. ರಕ್ತ ಪರೀಕ್ಷೆ ಮಾಡಿಸಿ, ಕಮ್ಮಿ ಇದ್ದರೆ ಡಾಕ್ಟರ್ ಹೇಳಿದಷ್ಟು ವಾರ ವಿಟಮಿನ್ ಡಿಯ 60,000 ಯೂನಿಟ್ ಸ್ಯಾಷೆ ತಗೊಳ್ಳಿ. ಮೆಡಿಕಲ್ ಸ್ಟೋರಿನಿಂದ ನೀವೇ ತಂದು ವರ್ಷಗಟ್ಟಲೆ ಕುಡಿಯಬೇಡಿ, ಅದು ಜಾಸ್ತಿಯಾದರೆ ವಿಷ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಥೈರಾಯ್ಡ್ ಮಾತ್ರೆಯ ಸಾಲಿನ ಮೇಲೆ. ಅದನ್ನು ಕ್ಯಾಲ್ಸಿಯಂ ಜೊತೆ ನುಂಗಿದರೆ ಥೈರಾಯ್ಡ್ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಇರಲಿ. ಹೀಗೆ ಬದಲಾಯಿಸಿದ ಮೇಲೆ ಅದೇ ಡೋಸ್ ಜಾಸ್ತಿಯಾಗಿಬಿಡಬಹುದು. ಆರೆಂಟು ವಾರಕ್ಕೆ ಥೈರಾಯ್ಡಿನ ರಕ್ತ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ. ಯಾಕೆಂದರೆ ಥೈರಾಯ್ಡ್ ಮಾತ್ರೆ ಅಗತ್ಯಕ್ಕಿಂತ ಹೆಚ್ಚಾದರೆ ಅದೇ ಮೂಳೆಯನ್ನು ಕರಗಿಸುತ್ತೆ. ಸ್ಟಿರಾಯ್ಡ್ ಮಾತ್ರೆ, ವರ್ಷಗಟ್ಟಲೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ, ಥೈರಾಯ್ಡ್ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಇವೂ ಮೂಳೆ ತೆಳುವಾಗಲು ಕಾರಣವಾಗಬಹುದು. ಹಿಂದೆ ಇಂಥದ್ದೇನಾದರೂ ಇದೆಯಾ ಅಂತ ಹುಡುಕಿಸುವುದೇ ಮೂಳೆಯ ಔಷಧ ಇಲ್ಲದೆ ಮಾಡಬಹುದಾದ ಮೊದಲ ಚಿಕಿತ್ಸೆ.

ಈಗ ಕಪಾಟಿನಲ್ಲಿರುವ ಮಾತ್ರೆ. ಪತ್ರದಲ್ಲಿ ಹೆಸರಿಲ್ಲ. ವಾರಕ್ಕೊಮ್ಮೆ ಅಂದಿದ್ದರಿಂದ ಅಲೆಂಡ್ರೊನೇಟ್ ಅಥವಾ ಅದರ ಜಾತಿಯದ್ದೇ ಇರಬೇಕು. ದವಡೆಯ ತೊಂದರೆ ಸುಳ್ಳಲ್ಲ. ಆದರೆ ಅದು ಹೆಚ್ಚಾಗಿ ಕಂಡಿದ್ದು ಕ್ಯಾನ್ಸರ್ ರೋಗಿಗಳಲ್ಲಿ, ರಕ್ತನಾಳಕ್ಕೆ ದೊಡ್ಡ ಪ್ರಮಾಣದಲ್ಲಿ ಈ ಔಷಧ ಕೊಟ್ಟಾಗ. ನಿಮ್ಮಂಥವರು ತಗೊಳ್ಳುವ ಡೋಸ್‌ನಲ್ಲಿ ಅದು ತೀರಾ ಅಪರೂಪ. ವರ್ಷಕ್ಕೆ 10,000 ಜನರಲ್ಲಿ ಒಬ್ಬರು, ಅಥವಾ ಅದಕ್ಕಿಂತಲೂ ಕಡಿಮೆ ಅನ್ನುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡು ಶುರು ಮಾಡಬಹುದು. ತಕ್ಕಡಿಯ ಈ ಕಡೆ ನೋಡಿ. ಆಗಲೇ ಬೆನ್ನುಮೂಳೆ ಕುಸಿದಿದ್ದ ಹೆಂಗಸರ ಮೇಲೆ ನಡೆದ 1996ರ ದೊಡ್ಡ ಪರೀಕ್ಷೆಯಲ್ಲಿ ಅಲೆಂಡ್ರೊನೇಟ್ ಬೆನ್ನುಮೂಳೆಯ ಹೊಸ ಮುರಿತಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು, ಸೊಂಟದಲ್ಲೂ ಅಷ್ಟೇ. ಭಾರ ಎತ್ತುವುದಕ್ಕೆ ಮೂಳೆ ಮುರಿತದ ವಿಷಯದಲ್ಲಿ ಇಷ್ಟು ಗಟ್ಟಿ ಸಾಕ್ಷಿ ಇನ್ನೂ ಇಲ್ಲ.

ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಆ ಮಾತು ಡಾಕ್ಟರ್ ಮುಂದೆ ಕೂತು ಹೇಳಿ, ಸುಮ್ನೆ ಕಪಾಟಿನಲ್ಲಿ ಮುಚ್ಚಿಡಬೇಡಿ. ಫ್ರ್ಯಾಕ್ಸ್ ಅಂತ ಒಂದು ಲೆಕ್ಕ ಇದೆ, ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದದ್ದು. ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಅಂತ ಹೇಳುತ್ತೆ. ಅದನ್ನು ಹಾಕಿಸಿ. ಅದರಲ್ಲಿ ಅಪ್ಪ ಅಮ್ಮನ ಸೊಂಟ ಮುರಿದಿತ್ತಾ ಅನ್ನುವ ಪ್ರಶ್ನೆಯೂ ಇದೆ, ನಿಮ್ಮಮ್ಮನ ವಿಷಯ ಮರೆಯದೆ ಹೇಳಿ. ಅದು ಸೊಂಟದ ಅಂಕ ಮಾತ್ರ ತಗೊಳ್ಳುತ್ತೆ. ನಿಮಗೆ ಬೆನ್ನು ಅದಕ್ಕಿಂತ ಕೆಟ್ಟಿದೆ ಅನ್ನುವುದನ್ನೂ ಸೇರಿಸಿ. ನನ್ನನ್ನು ಕೇಳಿದರೆ, ಅಮ್ಮನ ಕತೆ ಮತ್ತು ಮೈನಸ್ 2.8 ಎರಡೂ ಸೇರಿದಾಗ ಮಾತ್ರೆಯನ್ನು ಅಷ್ಟು ಸಲೀಸಾಗಿ ತಳ್ಳಿಹಾಕಲಾರೆ. ಮಾತ್ರೆ ಮತ್ತು ಭಾರ ಎರಡನ್ನೂ ಒಟ್ಟಿಗೆ ಮಾಡಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಮೂಳೆ ಆಗಲೇ ಒಮ್ಮೆ ಮುರಿದವರಂತೂ ಔಷಧ ಬೇಡ ಅನ್ನುವ ಚೌಕಾಸಿಗೇ ಇಳಿಯಬಾರದು. ಇದನ್ನು ಓದುತ್ತಿರುವ ಇನ್ನು ಕೆಲವರು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತಗೊಳ್ಳುತ್ತಿರಬಹುದು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿದ ಉದಾಹರಣೆಗಳಿವೆ.

ಬೀಳದೆ ಇರುವುದು ಇನ್ನೊಂದು ದೊಡ್ಡ ಕೆಲಸ. ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪ ಇರಲಿ, ಕಾಲಿಗೆ ಸಿಗುವ ಮ್ಯಾಟ್ ತೆಗೆಯಿರಿ. ಮಳೆಗಾಲದಲ್ಲಿ ಸವೆದ ಹವಾಯಿ ಚಪ್ಪಲಿಯಲ್ಲಿ ರೈಲ್ವೆ ಬ್ರಿಜ್ ಇಳಿಯಬೇಡಿ. 8.12ರ ಲೋಕಲ್ ಹೋದರೆ ಹೋಗಲಿ. ದಿನಾ ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ, ಕುಕ್ಕರ್ ಕೂಗುವವರೆಗೆ.

ಡೆಕ್ಸಾವನ್ನು ಒಂದೆರಡು ವರ್ಷದ ಮೇಲೆ, ಅದೇ ಸೆಂಟರಿನ ಅದೇ ಮಷಿನ್‌ನಲ್ಲಿ ಮಾಡಿಸಿ. ಮಷಿನ್ನಿನ ಲೆಕ್ಕದಲ್ಲೇ ಶೇಕಡಾ ಎರಡು ಮೂರು ಆಚೀಚೆ ಆಗುತ್ತೆ. ಒಂದು ಪರ್ಸೆಂಟ್ ಏರಿದರೆ ಪೇಡೆ ಹಂಚಬೇಡಿ, ಇಳಿದರೆ ಅಳಬೇಡಿ. ಸೊಸೈಟಿಯ ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ನೋಡುವ ಟೆಸ್ಟನ್ನು ಇದಕ್ಕೆ ಹೋಲಿಸಬೇಡಿ, ಅದೇ ಬೇರೆ. ನಡುವೆ ಇದ್ದಕ್ಕಿದ್ದಂತೆ ಬೆನ್ನು ನೋವು ಬಂದರೆ, ಎತ್ತರ ಎರಡು ಸೆಂಟಿಮೀಟರ್ ಕಮ್ಮಿಯಾದರೆ ಕಾಯದೆ ಎಕ್ಸ್‌ರೇ ತೆಗೆಸಿ.

ಮಗಳಿಗೆ 34ಕ್ಕೆ ಡೆಕ್ಸಾ ಬೇಡ. ಸ್ಟಿರಾಯ್ಡ್ ತಗೊಳ್ಳುತ್ತಿದ್ದರೆ, ಮುಟ್ಟು ಬೇಗ ನಿಂತರೆ, ಸಣ್ಣ ಪೆಟ್ಟಿಗೆ ಮೂಳೆ ಮುರಿದಿದ್ದರೆ ಮಾತ್ರ ಯೋಚಿಸಿ. ಅವಳಿಗೆ ಈಗ ಬೇಕಾಗಿರುವುದು ಟೆಸ್ಟ್ ಅಲ್ಲ, ಡಂಬೆಲ್. ಫಿಸಿಯೋ ಹತ್ತಿರ ಹೋಗುವಾಗ ಅವಳನ್ನೂ ಕರ್ಕೊಂಡು ಹೋಗಿ. ಇಬ್ಬರಿದ್ದರೆ ಫೀಸಿನಲ್ಲಿ ಸ್ವಲ್ಪ ಬಿಡುತ್ತಾರಾ ಕೇಳಿ ನೋಡಿ.