ಹಡಗಿನ ಕೆಲಸಕ್ಕೆ ತಮ್ಮ ಹೊರಡುವ ಮುಂಚೆ ಮನೆಯಲ್ಲಿ ಏನೇನು ಸರಿಮಾಡಿಕೊಳ್ಳಬೇಕು?

ತಮ್ಮ ಒಂಬತ್ತು ತಿಂಗಳು ಸರಕು ಹಡಗಿಗೆ ಹೋಗುತ್ತಿದ್ದಾನೆ, ಕೋಲಾರದ ಮನೆಯಲ್ಲಿ ಅಪ್ಪನಿಗೆ ಶುಗರ್ ಇದೆ, ಏನು ಮಾಡಿಡಬೇಕು ಅಂತ ಕೇಳಿದ್ದೀರಿ.

ಮೊದಲು ದುಡ್ಡಿನ ಮಾತು. ನಡುಗಡಲಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಓಟಿಪಿ ಬರುವುದಿಲ್ಲ. ಎಲ್ಲರೂ ಮರೆಯುವುದು ಇದನ್ನೇ. ಆಸ್ಪತ್ರೆ ಬಿಲ್ ಕಟ್ಟಲು ಅವನ ಖಾತೆಯನ್ನೇ ನಂಬಿ ಕೂತರೆ ಕಷ್ಟ, ಅಲ್ವಾ? 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಸಂಬಳದ ಒಂದು ಭಾಗವನ್ನು ಆಗಾಗ ನೇರವಾಗಿ ಮನೆಯವರಿಗೆ ಕಳಿಸುವ ಏರ್ಪಾಡು ಇರಬೇಕು. ಇದಕ್ಕೆ ಅಲಾಟ್‌ಮೆಂಟ್ ಅಂತಾರೆ. ಹಡಗು ಹತ್ತುವ ಮುಂಚೆಯೇ ಅಮ್ಮನ ಖಾತೆ ನಂಬರ್ ಬರೆಸಲಿ. ಟೊಮೆಟೊ ತೋಟ, ಬೆಳೆ ಸಾಲ ಅವನ ಹೆಸರಲ್ಲಿದ್ದರೆ ನಿಮಗೆ ಪವರ್ ಆಫ್ ಅಟಾರ್ನಿ, ಅಂದರೆ ಅವನ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ, ಬರೆದುಕೊಡಲಿ. ಎಲ್ಲ ಖಾತೆಗೂ ನಾಮಿನಿ ಹಾಕಿಸಿ.

ಹಾಂ, ಕೆಲಸ ಕೊಡಿಸಿದ್ದಕ್ಕೆ ಅಂತ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ. ಹಾಗೆ ತೆಗೆದುಕೊಳ್ಳುವಂತಿಲ್ಲ.

ಅಪ್ಪನಿಗೆ ಈಗ ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದರೂ, ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಹಾಗಂತ ಶುಗರ್ ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸುತ್ತಾರೆ. ಕೈಯಲ್ಲಿ ಬೇರೆ ಹಣ ಇಟ್ಟುಕೊಳ್ಳಿ. ನಿಮ್ಮ ತಮ್ಮ ಊರಲ್ಲಿರುವಾಗಲೇ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಅಪ್ಪನ ಮೂರು ತಿಂಗಳ ಸರಾಸರಿ ಶುಗರ್, ಕಿಡ್ನಿ, ಕಣ್ಣು ತೋರಿಸಿ.

ತಮ್ಮನಿಗೆ ಹಳದಿ ಜ್ವರದ ಲಸಿಕೆ ಬೇಕಾದರೆ ಕೊನೇ ವಾರಕ್ಕೆ ಬಿಡಬೇಡಿ. ಚುಚ್ಚಿಸಿದ 10 ದಿನದ ನಂತರವೇ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಚಾಲ್ತಿಗೆ ಬರುವುದು.