ಮರು: ನವಾಹೊ ಮರಳು ಚಿತ್ರ ಮನೆಯಲ್ಲಿಟ್ಟರೆ ಅಪಚಾರವೇ?

ಅಮೆರಿಕದ ಸ್ಯಾಂಟಾ ಫೆಯಲ್ಲಿ ಕೊಂಡ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಮರಳು ಚಿತ್ರವನ್ನು ಗೋಡೆಗೆ ಹಾಕಬಹುದೇ, ಅದನ್ನು ಅಳಿಸಬೇಕಲ್ಲವೇ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಹಲಗೆಗೆ ಅಂಟು ಬಳಿದು ಮಾಡುವ ಇವು ಮಾರಾಟಕ್ಕೆಂದೇ ಹುಟ್ಟಿದವು. ಧಾರ್ಮಿಕ ಚಿತ್ರದ ನಕಲಾಗದಿರಲೆಂದು ಬಣ್ಣವನ್ನೋ ವಿವರವನ್ನೋ ಬೇಕೆಂದೇ ಅಷ್ಟಿಷ್ಟು ಬದಲಿಸಿರುತ್ತಾರೆ.

ಧಾರ್ಮಿಕ ವಿಧಿಗೆ ಬರೆಯುವ ಚಿತ್ರದ ಸಂಗತಿಯೇ ಬೇರೆ. ಹತಾಳಿ, ಅಂದರೆ ಹಾಡಿ ಗುಣಪಡಿಸುವ ವೈದ್ಯ, ಸಹಾಯಕರೊಂದಿಗೆ ಹೊಗನ್ ಎಂಬ ಸಾಂಪ್ರದಾಯಿಕ ಮನೆಯ ನೆಲದ ಮೇಲೆ ಕಲ್ಲಿನ ಪುಡಿ, ಇದ್ದಿಲು, ಪರಾಗ ಉದುರಿಸಿ ಬರೆಯುತ್ತಾನೆ. ಸಾಮಾನ್ಯವಾಗಿ ಮೂರು ಬದಿಗೆ ಕಾಮನಬಿಲ್ಲಿನ ಕಾವಲು, ಪೂರ್ವ ದಿಕ್ಕು ಮಾತ್ರ ತೆರೆದಿರುತ್ತದೆ. ರೋಗಿ ಆ ಚಿತ್ರದ ಮೇಲೆಯೇ ಕೂರಬೇಕು! ಚಿತ್ರದಲ್ಲಿರುವ ದೇವತೆಯ ಪಾದದ ಮರಳನ್ನು ರೋಗಿಯ ಪಾದಕ್ಕೆ, ತಲೆಯದನ್ನು ತಲೆಗೆ ಹಚ್ಚುತ್ತಾರೆ. ಪುರಾಣದ ನಾಯಕರು ದೇವತೆಗಳಿಂದ ಕಲಿತು ಬಂದ ಚಿಕಿತ್ಸೆ ಇದೇ ಎಂಬ ನಂಬಿಕೆ. ಮುಗಿದ ಮೇಲೆ ಅಳಿಸಿ, ಮರಳನ್ನು ಹೊರಗೊಯ್ದು ಹಾಕುತ್ತಾರೆ.

ಉಳಿಸಿಡುವುದಕ್ಕೆ ವಿರೋಧವೂ ಇತ್ತು. ಹೊಸ್ಟೀನ್ ಕ್ಲಾ ಎಂಬ ಹತಾಳಿ ಇಂಥ ಚಿತ್ರಗಳನ್ನು ಕಂಬಳಿಯಲ್ಲಿ ನೇಯ್ದಾಗ ಅವರ ಜನರೇ ಅಸಮಾಧಾನಗೊಂಡಿದ್ದರು. ಅವರೂ ಬಾಸ್ಟನ್ನಿನ ಸಿರಿವಂತೆ ಮೇರಿ ವೀಲ್‌ರೈಟ್ ಅವರೂ ಸೇರಿ ಕಟ್ಟಿದ ಸಂಗ್ರಹಾಲಯ 1937ರಿಂದ ಸ್ಯಾಂಟಾ ಫೆಯಲ್ಲೇ ಇದೆ. ಮತ್ತೆ ಹೋದರೆ ನೋಡಿ.

ಅಂದಹಾಗೆ, ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.